ಎಂಟನೆಯ ಹಕ್ಕಿ

ಮೇಜಿನ ಮೇಲಿನ ನೀಲಿ ಹಾಳೆಯಲ್ಲಿ ಏಳು ಹಕ್ಕಿಗಳಿದ್ದವು. ಎಂಟನೆಯದಕ್ಕೆ ಜಾಗವಿತ್ತು, ಹಕ್ಕಿ ಇರಲಿಲ್ಲ. ಮೊಹರಪ್ಪನವರ ಅಂದಿನ ಗ್ರಹಚಾರವೆಲ್ಲ ಹುಟ್ಟಿದ್ದು ಆ ಖಾಲಿ ಜಾಗದಲ್ಲೇ.

ಅವರ ನಿಜವಾದ ಹೆಸರನ್ನು ಬೀದಿ ಎಂದೋ ಮರೆತಿತ್ತು. ದಾಖಲೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಕಡತಗಳಿಗೆ ಮೊಹರು ಒತ್ತಿದ ಕೈ ಅವರದು. ಒಂದು ದಿನವೂ ಓರೆಯಾದದ್ದಿಲ್ಲ, ಮಸುಕಾದದ್ದಿಲ್ಲ. ಅದಕ್ಕಿಂತ ದೊಡ್ಡ ಹೆಮ್ಮೆ ಎಂದರೆ ಅವರ ಹೆಂಡತಿ. ಹಳೆಯ ಕಾಗದ ನೆನೆಸಿ, ರುಬ್ಬಿ, ಜರಡಿಯಲ್ಲಿ ಎತ್ತಿ ಹೊಸ ಹಾಳೆ ಮಾಡುವವಳು; ರಬ್ಬರು ಕೆತ್ತಿ ಅಚ್ಚು ಮಾಡಿ, ಆ ಹಾಳೆಯ ಮೇಲೆ ಏಳು ಸಮುದ್ರದಾಚೆಯ ಹಕ್ಕಿಗಳನ್ನು ಕರೆಸಿ ಕೂರಿಸುವವಳು. ಬೀದಿಯ ಅರ್ಧ ಹೆಂಗಸರು ಅವಳ ಶಿಷ್ಯೆಯರು. ಆದರೂ ವಾಚನಾಲಯದ ವಾರ್ಷಿಕ ಪ್ರದರ್ಶನದಲ್ಲಿ ಮೂರು ವರ್ಷದಿಂದ ಅವಳಿಗೆ ಎರಡನೆಯ ಬಹುಮಾನವೇ. ಈ ಸಲ ಮೊದಲನೆಯದು ಬಂದೇ ಬರುತ್ತದೆಂದು ಮೊಹರಪ್ಪ ಕಚೇರಿಯಲ್ಲಿ ಸಾರಿಬಿಟ್ಟಿದ್ದರು.

ಅಂದು ಬೆಳಿಗ್ಗೆ ಅವಳು ಶಿಷ್ಯೆಯರ ಕೆಲಸಗಳ ಕಟ್ಟು ಹೊತ್ತು ವಾಚನಾಲಯಕ್ಕೆ ಓಡಿದ್ದಳು. ರಜೆಯಲ್ಲಿದ್ದ ಮೊಹರಪ್ಪ ಕೋಣೆಗೆ ಬಂದು ನೋಡಿದರೆ ಈ ಹಾಳೆ. ಪಾಪ, ಊರವರದ್ದನ್ನೆಲ್ಲ ಒಯ್ದು ತನ್ನದನ್ನೇ ಮರೆತಿದ್ದಾಳೆ, ಅದೂ ಅರ್ಧಕ್ಕೇ ಬಿಟ್ಟು, ಎಂದುಕೊಂಡರು. ಹನ್ನೆರಡಕ್ಕೆ ಹಾಳೆಗಳನ್ನು ತೆಗೆದುಕೊಳ್ಳುವುದು ನಿಲ್ಲುತ್ತದೆ. ಹಕ್ಕಿಯ ಅಚ್ಚು ಪಕ್ಕದಲ್ಲೇ ಇತ್ತು. ಒಂದು ಮೊಹರು ಒತ್ತುವುದನ್ನು ಅವರಿಗೆ ಯಾರು ಹೇಳಿಕೊಡಬೇಕು?

ಅಚ್ಚನ್ನು ಮಸಿಯಲ್ಲಿ ಅದ್ದಿ, ಗುರಿ ನೋಡಿ, ಕಚೇರಿಯ ಅಭ್ಯಾಸದಲ್ಲಿ ಧಡ್ ಎಂದು ಇಳಿಸಿದರು.

ಕಡತದ ಕಾಗದ ಆ ಏಟು ತಡೆಯುತ್ತದೆ. ಇನ್ನೂ ಹಸಿಯಾಗಿದ್ದ ಕೈಹಾಳೆ ನೆನೆದ ಹಪ್ಪಳದಂತೆ ಹರಿಯಿತು. ಎಂಟನೆಯ ಹಕ್ಕಿ ಹಾಳೆಯ ಮೇಲೆ ಕೂರದೆ ನೇರ ಮೇಜಿನ ಮೇಲೆ ಕೂತಿತು.

ಸದ್ದು ಕೇಳಿ ಎದುರುಮನೆ ದೊಡ್ಡಮ್ಮ ಬಂದರು. ಮಸಿ ಒಣಗುವ ಮೊದಲೇ ನೀರಲ್ಲಿ ಒರೆಸಬೇಕು ಎಂದವರು ಮೊಹರಪ್ಪ ಹೂಂ ಎನ್ನುವುದರೊಳಗೆ ಒರೆಸಿಯೇ ಬಿಟ್ಟರು. ಮಿಕ್ಕ ಏಳು ಹಕ್ಕಿಗಳೂ ಮಸಿಯ ಮಬ್ಬಿನಲ್ಲಿ ಅರ್ಧ ಮುಳುಗಿಹೋದವು. ನೀರು ಹೀರಲಿ ಎಂದು ಹಿಡಿ ತುಂಬ ಕಲ್ಲುಪ್ಪು ಎರಚಿದರು. ಮಹಡಿಯ ಟೈಲರು ಇಳಿದು ಬಂದು, ದುಂಡನೆಯ ತೂತಿನ ಹಿಂದೆ ಬಿಳಿ ಕಾಗದದ ತೇಪೆ ಅಂಟಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಿಳಿ ಬಣ್ಣ ಚಿಮುಕಿಸಿದ.

"ಏನಯ್ಯಾ ಇದು?" ಎಂದರು ಮೊಹರಪ್ಪ, ಅಳುವ ದನಿಯಲ್ಲಿ.

"ತೇಪೆ ಕಾಣಬಾರ್ದು ಅಂದ್ರೆ ಸುತ್ತ ಗಲಾಟೆ ಎಬ್ಬಿಸ್ಬೇಕು ಸಾರ್. ಪ್ಯಾಂಟಿಗೂ ಇದೇ ಉಪಾಯ."

ಉಪ್ಪು ಕೊಡವಿದಾಗ ಅದು ಕೂತಲ್ಲೆಲ್ಲ ನಕ್ಷತ್ರದಂಥ ಕಲೆ ಬಿದ್ದಿತ್ತು. ಮೊಹರಪ್ಪನವರ ಕಣ್ಣಿಗೆ ಅದು ಬರಿಯ ಕಲೆ. ಹನ್ನೆರಡಕ್ಕೆ ಐದು ನಿಮಿಷವಿದ್ದಾಗ, ದೊಡ್ಡಮ್ಮ, ಟೈಲರು ಇಬ್ಬರೂ ಬೆನ್ನಿಗಿರಲು, ವಾಚನಾಲಯದ ಬಾಗಿಲು ಮುಟ್ಟಿದರು. ಹೆಸರು ಬರೆದುಕೊಳ್ಳುವ ಹುಡುಗಿ ಯಾರದಿದು ಎಂದು ಕೇಳಿದಳು. ಈ ಅವಮಾನ ಹೆಂಡತಿಯ ತಲೆಗೆ ಬರಬಾರದು.

"ನನ್ನ ಹೆಸರೇ ಬರ್ಕೋಮ್ಮಾ" ಎಂದು, ಕಂಬದ ಹಿಂದೆ ಸೇರಿಕೊಂಡರು.

ಮೂರು ಗಂಟೆಗೆ ತೀರ್ಪು. ಎರಡನೆಯ ಬಹುಮಾನ, ಎಂದಿನಂತೆ, ಅವರ ಹೆಂಡತಿಗೆ. ಮೊಹರಪ್ಪನವರಿಗೆ ತಲೆಬುಡ ತಿಳಿಯಲಿಲ್ಲ. ಅವಳ ಹಾಳೆ ಬಂದೇ ಇಲ್ಲವಲ್ಲ! ಮರುಕ್ಷಣ ಮೊದಲನೆಯ ಬಹುಮಾನಕ್ಕೆ ಅವರ ಹೆಸರು ಕೂಗಿದರು. ತೀರ್ಪುಗಾರರಿಗೆ ಆ ಹಾಳೆಯಲ್ಲಿ ಕಂಡದ್ದು ಚಂದ್ರ, ನಕ್ಷತ್ರ, ಮೋಡದಲ್ಲಿ ಕರಗುವ ಏಳು ಹಕ್ಕಿಗಳು. ಇಂಥ ಧೈರ್ಯದ ಕೈ ಈ ಸಭಾಂಗಣ ಕಂಡಿರಲಿಲ್ಲವಂತೆ.

ಹೆಂಡತಿ ಕಂಬದ ಹತ್ತಿರ ಬಂದು ನಿಂತಳು.

"ಅದು ನಿನ್ನ ಹಾಳೆ ಕಣೇ" ಎಂದು ಮೊಹರಪ್ಪ ತೊದಲಿದರು. "ನೀನು ಮರೆತಿದ್ದು."

"ನಂದು ಬೆಳಿಗ್ಗೇನೇ ತಂದು ಗೋಡೆಗೆ ಹಾಕಿದೀನಿ. ಅದು ಅಚ್ಚು ಹೇಗೆ ಬೀಳುತ್ತೆ ಅಂತ ಒತ್ತಿ ನೋಡಿದ ರದ್ದಿ."

ಗೋಡೆಯ ಮೇಲೆ ಎಂಟು ಹಕ್ಕಿಗಳು ಸಾಲಾಗಿ ಹಾರುತ್ತಿದ್ದವು. ಒಂದೂ ಓರೆಯಿಲ್ಲ, ಒಂದೂ ಮಸುಕಿಲ್ಲ. ರದ್ದಿಯಲ್ಲೂ ಸಾಲು ತಪ್ಪದ ಕೈ ಅವಳದು ಎಂಬ ಹೆಮ್ಮೆ ಆ ಗಳಿಗೆಯಲ್ಲೂ ಮೊಹರಪ್ಪನವರ ಎದೆಯಲ್ಲಿ ಉಬ್ಬಿ, ಅಲ್ಲೇ ಸಿಕ್ಕಿಕೊಂಡಿತು. ಅತ್ತ ವೇದಿಕೆ ಹತ್ತಿದ್ದ ದೊಡ್ಡಮ್ಮ ಆಗಲೇ ಉಪ್ಪಿನ ಮಹಿಮೆ ವಿವರಿಸುತ್ತಿದ್ದರು. ಟೈಲರು ತನ್ನ ಸರದಿಗೆ ಕಾಯುತ್ತಿದ್ದ.

ಹೆಂಡತಿ ಅವರ ಕಾಲರು ಸರಿಮಾಡಿದಳು.

"ಹೋಗಿ, ನೆಟ್ಟಗೆ ನಿಂತ್ಕೊಂಡು ಬಹುಮಾನ ಇಸ್ಕೊಳ್ಳಿ. ನನ್ನ ಗಂಡ ಗೆದ್ರು ಅಂತ ಬೀದಿಗೆಲ್ಲ ಹೇಳ್ಕೋಬೇಕು ನಾನು. ಯಾರನ್ನ ಸೋಲಿಸಿ ಗೆದ್ರಿ ಅನ್ನೋದನ್ನ ಮನೆಗೆ ಹೋಗಿ ಮಾತಾಡೋಣ."