ನಮ್ಮ ಬೀಗರ ನುಣ್ಣನೆಯ ಕೆನ್ನೆ

ನಮ್ಮ ಬೀಗರ ಕೆನ್ನೆಯ ಮೇಲೆ ಒಂದು ಇರುವೆ ಬಿಟ್ಟು ನೋಡಿ, ಕಿವಿಯ ಹತ್ತಿರ ಬಿಟ್ಟದ್ದು ಸೀದಾ ಗದ್ದದ ತುದಿಗೆ ಜಾರಿ ಕೆಳಗೆ ಬೀಳುತ್ತದೆ! ಮುದುಕಿ ಬುರುಡೆ ಬಿಡುತ್ತಿದ್ದಾಳೆ ಎಂದು ನಗಬೇಡಿ. ನಾನು ಓದಿದ್ದು ನಾಲ್ಕನೆಯ ಕ್ಲಾಸೇ ಇರಬಹುದು, ಕಣ್ಣು ಮಾತ್ರ ಚೆನ್ನಾಗಿವೆ. ಎಳೆಯ ಬದನೆಕಾಯಿಗೆ ಎಣ್ಣೆ ಸವರಿ ಬಿಸಿಲಿಗೆ ಹಿಡಿದರೆ ಹೊಳೆಯುತ್ತದಲ್ಲ, ಹಾಗಿರುತ್ತಿತ್ತು ಆ ಮುಖ. ಹಿಂದೂಪುರದ ಗಂಡಸರನ್ನೆಲ್ಲ ಬಸ್ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸಿ ಹುಡುಕಿದರೂ ಅಂಥ ಕೆನ್ನೆ ಸಿಕ್ಕುವುದಿಲ್ಲ. ನಮ್ಮ ಯಜಮಾನರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಅಲ್ಲ, ಮೊದಲು ಅವರನ್ನೇ ನಿಲ್ಲಿಸಿ!

ಬೀಗರು ಎಂದರೆ ನನ್ನ ಮಗಳು ಸಾವಿತ್ರಿಯ ಮಾವ. ಕಲ್ಯಾಣದುರ್ಗದಲ್ಲಿ ಕಡಲೆಕಾಯಿ ವ್ಯಾಪಾರ. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮನೆಯಲ್ಲಿ ಅವರು, ಅವರ ಒಬ್ಬನೇ ಮಗ. ಹೆಂಗಸಿಲ್ಲದ ಮನೆ ಹೇಗಿದೆಯೋ ಏನೋ, ಹೆಣ್ಣು ಕೊಡುವ ಮೊದಲು ಒಂದು ಸಲ ಕಣ್ಣಾರೆ ನೋಡಿ ಬರೋಣ ಎಂದು ನಾವು ಗಂಡ ಹೆಂಡತಿ ಬೆಳಗಿನ ಮೊದಲ ಬಸ್ಸು ಹಿಡಿದು, ಪೆನುಕೊಂಡದಲ್ಲಿ ಇನ್ನೊಂದು ಹತ್ತಿ, ಧೂಳು ತಿಂದುಕೊಂಡು ಅಲ್ಲಿಗೆ ಹೋದೆವು.

ಹೋಗಿ ನೋಡುತ್ತೇವೆ, ಅಂಗಳದಲ್ಲಿ ಒಬ್ಬರು ಕುರ್ಚಿಗೆ ಒರಗಿದ್ದಾರೆ. ಮುಖದ ತುಂಬ ಒದ್ದೆ ಟವೆಲ್ಲು. ಕೈಕಾಲು ಅಲ್ಲಾಡುತ್ತಿಲ್ಲ!

"ಏನೇ ಇದು, ಮುಖ ಮುಚ್ಚವ್ರೆ?" ನಮ್ಮ ಯಜಮಾನರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ನಾವ್ ಬರೋದ್ರೊಳ್ಗೆ ಹೋಗ್ಬುಟ್ರಾ?"

ಅಷ್ಟರಲ್ಲಿ ಒಳಗಿಂದ ಹುಡುಗ ಬಂದ, ಅದೇ ನಮ್ಮ ಅಳಿಯ ಆಗಬೇಕಾದವನು. ಚಾಪೆ ಹಾಸಿ, "ಕೂಕಳಿ ಮಾವ, ಅಪ್ಪ ಗಡ್ಡ ನೆನೆಸ್ತಾವ್ರೆ" ಎಂದ.

ಗಡ್ಡ ನೆನೆಸುವುದು! ಅಕ್ಕಿ ನೆನೆಸುವುದು ಕೇಳಿದ್ದೆ, ಅವರೆಕಾಳು ನೆನೆಸುವುದು ಕೇಳಿದ್ದೆ. ಈ ಭೂಮಿಯ ಮೇಲೆ ಗಡ್ಡವನ್ನೂ ನೆನೆಹಾಕುವ ಮನುಷ್ಯ ಒಬ್ಬನಿದ್ದಾನೆ ಎಂದು ನನಗೆ ಗೊತ್ತಾದದ್ದು ಆವತ್ತೇ.

ಟವೆಲ್ಲು ಆರಿತು. ಇನ್ನೊಂದು ಸಲ ಬಿಸಿನೀರಿಗೆ ಅದ್ದಿ, ಹಿಂಡಿ, ಮತ್ತೆ ಮುಚ್ಚಿಕೊಂಡರು. ಆಮೇಲೆ ಚೊಂಬಿನಲ್ಲಿ ನೆನೆಯುತ್ತಿದ್ದ ಬ್ರಷ್ಷು ತೆಗೆದು, ಹಿತ್ತಾಳೆ ಬಟ್ಟಲಲ್ಲಿ ಸೋಪು ತಿರುವತೊಡಗಿದರು. ತಿರುವಿದರು, ತಿರುವಿದರು, ನಾನು ಮಜ್ಜಿಗೆ ಕಡೆದರೂ ಅಷ್ಟು ಹೊತ್ತು ಕಡೆಯುವುದಿಲ್ಲ. ನೊರೆ ಬೆಣ್ಣೆಯ ಹಾಗೆ ಗಟ್ಟಿಯಾಗಿ ಬ್ರಷ್ಷಿನ ತುದಿಯಲ್ಲಿ ನಿಂತಿತು. ಅದನ್ನು ಮುಖಕ್ಕೆ ಬಳಿದುಕೊಂಡು ಕಣ್ಣು ಮುಚ್ಚಿ ಸುಮ್ಮನೆ ಕೂತರು. ನಮ್ಮನ್ನು ನೋಡಿದ್ದರು, ನೋಡಿಲ್ಲವೆಂದಲ್ಲ. ಒಂದು ಬೆರಳು ಎತ್ತಿ, ತಡೀರಿ ಎಂದು ಸನ್ನೆ ಮಾಡಿದರು. ಮಾತಾಡಿದರೆ ಕೆನ್ನೆ ಕದಲುತ್ತದಂತೆ!

ಆಮೇಲೆ ರೇಜರು ಬಂತು. ಅಯ್ಯೋ, ಆ ಕೈಯನ್ನು ನೀವು ನೋಡಬೇಕಿತ್ತು! ಒತ್ತಲಿಲ್ಲ, ಎಳೆಯಲಿಲ್ಲ. ಒಂದು ಕೈಯಲ್ಲಿ ಚರ್ಮ ಬಿಗಿ ಹಿಡಿದು, ಇನ್ನೊಂದು ಕೈಯಲ್ಲಿ ರೇಜರನ್ನು ಕೂದಲು ಇಳಿದ ಕಡೆಗೇ ಇಳಿಬಿಟ್ಟರು. ತನ್ನ ಭಾರಕ್ಕೆ ತಾನೇ ಇಳಿಯಿತು. ಹಸು ಹುಲ್ಲು ಮೇಯುವಾಗ ಆಗುತ್ತದಲ್ಲ, ಸರ್, ಸರ್, ಅಂಥ ಸದ್ದು. ಮುಗಿಯಿತು ಎಂದು ನಾನು ಸೆರಗು ಸರಿಮಾಡಿಕೊಂಡರೆ, ಎಲ್ಲಿ ಮುಗಿಯುತ್ತದೆ? ಮತ್ತೆ ನೊರೆ, ಈ ಸಲ ಅಡ್ಡಡ್ಡ. ಕೊನೆಗೆ ಮಡಕೆಯ ತಣ್ಣೀರು, ಪಟಿಕದ ಕಲ್ಲು. ದೇವಸ್ಥಾನದಲ್ಲಿ ಅಭಿಷೇಕ ನೋಡುವ ಹಾಗೆ ನಾನು ಕೈಮುಗಿಯುವುದೊಂದು ಬಾಕಿ!

ಅಷ್ಟೂ ಆದ ಮೇಲೆ ನಮ್ಮ ಕಡೆ ತಿರುಗಿ, "ಇಂಕ ಚೆಪ್ಪಂಡಿ, ಇನ್ ಹೇಳಿ ಬೀಗ್ರೇ, ಪ್ರಯಾಣ ಸುಖವಾಗಾಯ್ತಾ?" ಎಂದು ತೆಲುಗು ಕನ್ನಡ ಬೆರೆಸಿ ಕೇಳಿದರು. ಹೆಣ್ಣು ಕೊಡುವುದಿರಲಿ, ನಾವಿನ್ನೂ ಹೆಸರು ಹೇಳಿಕೊಂಡಿರಲಿಲ್ಲ. ಆಗಲೇ ಬೀಗರಾಗಿಬಿಟ್ಟಿದ್ದೆವು!

ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮ ಯಜಮಾನರು ತಲೆ ಕೆರೆದುಕೊಂಡರು. "ಏನೇ, ಆ ಮನೆಗೆ ಕೊಡಾನಾ? ಆಯಪ್ಪ ಒಂಥರಾ ಅವ್ನೆ."

"ಕೊಡಾನ" ಎಂದೆ. "ಒಂದ್ ಗಡ್ಡಕ್ಕೇ ಇಷ್ಟು ತಾಳ್ಮೆ ಇರೋರು, ಸೊಸೆ ಸಾರಿಗೆ ಉಪ್ಪು ಮರೆತ್ರೆ ಕೂಗಾಡಲ್ಲ."

ಮದುವೆಯ ದಿನ ಬೆಳಿಗ್ಗೆ ಇನ್ನೊಂದು ಕಥೆಯಾಯಿತು. ನಮ್ಮ ಯಜಮಾನರ ಪದ್ಧತಿ ಹೇಗೆಂದರೆ, ಹಾಸಿಗೆಯಿಂದ ಎದ್ದವರೇ ನಲ್ಲಿಯ ತಣ್ಣೀರು ಎರಚಿಕೊಂಡು, ಗಾಜಿನ ಲೋಟದೊಳಗೆ ಹಳೆಯ ಬ್ಲೇಡು ಉಜ್ಜಿ, ನನ್ನನ್ನು ಬೈಯುತ್ತ ಬೈಯುತ್ತಲೇ ಗಡ್ಡ ಕೆರೆಯುವುದು. ಬೈಗುಳ ಮುಗಿಯುವ ಮೊದಲೇ ಗಡ್ಡ ಮುಗಿದಿರುತ್ತಿತ್ತು. ಆಮೇಲೆ ರಕ್ತ ಬಂದಲ್ಲೆಲ್ಲ ಪೇಪರಿನ ಚೂರು. ಕೆಲವು ದಿನ ಅವರ ಮುಖದಲ್ಲಿ ನೀವು ಸಮಾಚಾರ ಓದಬಹುದಿತ್ತು!

ಆ ಅವತಾರವನ್ನು ಬೀಗರು ಕಂಡರು. ಛತ್ರದ ಹಿತ್ತಲಲ್ಲಿ ಹಾಗೇ ನಿಂತುಬಿಟ್ಟರು.

"ಅಬ್ಬೋ! ಏನ್ ಬೀಗ್ರೇ ಇದು, ಬೆಕ್ಕಿನ ಜತೆ ಜಗಳ ಆಡಿದ್ರಾ?"

"ಟೈಮಿಲ್ಲ ಬೀಗ್ರೇ. ಮೂರ್ತಕ್ಕೆ ಹೊತ್ತಾಯ್ತು."

"ಮೂರ್ತ ಮಗಳಿಗೆ. ನಿಮ್ ಕೆನ್ನೆಗೆ ಅದರದ್ದೇ ಮೂರ್ತ ಐತೆ. ಎದ್ದ ತಕ್ಷಣ ಕತ್ತಿ ಹಾಕ್ತಾರಾ? ಮುಖ ಇನ್ನೂ ಊದ್ಕಂಡಿರ್ತದೆ, ಕೂದ್ಲು ಒಳ್ಗೇ ಮಲ್ಗಿರ್ತದೆ. ಎದ್ದು, ಓಡಾಡಿ, ಸ್ನಾನ ಮಾಡಿ, ಮೈ ಬೆಚ್ಚಗಿರೋವಾಗ ಹಾಕ್ಬೇಕು. ಸಿಟ್ಟಿದ್ದಾಗ ಮುಟ್ಲೇಬಾರ್ದು."

"ಸಿಟ್ಟಿಲ್ದಾಗ ಅಂದ್ರೆ," ಎಂದು ನಾನು ಬಾಗಿಲ ಹಿಂದಿನಿಂದ ಬಾಯಿ ಹಾಕಿದೆ, "ಇವ್ರು ಸಾಯೋಗಂಟ ಗಡ್ಡ ಬಿಡಬೇಕಾಯ್ತದೆ ಬೀಗ್ರೇ!"

ಬೀಗರು ನಗಲಿಲ್ಲ. ಇಂಥ ವಿಷಯದಲ್ಲಿ ಅವರಿಗೆ ನಗು ಬರುತ್ತಿರಲಿಲ್ಲ. ತಮ್ಮದೇ ಸಾಮಾನು ತಂದು, ಗಂಡಿನ ತಂದೆ ಹೆಣ್ಣಿನ ತಂದೆಯನ್ನು ಕೂರಿಸಿಕೊಂಡು, "ಮೆಲ್ಲಗಾ ಬೀಗ್ರೇ, ಮೆಲ್ಲಗಾ" ಎನ್ನುತ್ತ ಉಳಿದ ಗಡ್ಡವನ್ನು ತಾವೇ ತೆಗೆದರು. ಅಯ್ನೋರು ಮಂಟಪದಿಂದ ಕೂಗುತ್ತಿದ್ದರೆ ಒಂದು ಬೆರಳು ಎತ್ತಿದ್ದಷ್ಟೇ! ಕನ್ಯಾದಾನಕ್ಕೆ ನನ್ನ ಪಕ್ಕ ಬಂದು ಕೂತ ಮನುಷ್ಯನನ್ನು ನಾನು ಎರಡು ಸಲ ತಿರುಗಿ ನೋಡಿದೆ. ನನ್ನ ಗಂಡನೇ ಹೌದೋ ಅಲ್ಲವೋ?

ಮದುವೆಯಾದ ಮುಂದಿನ ವರ್ಷ ಸಾವಿತ್ರಿ ಬಸುರಿಯಾದಳು. ನಮ್ಮ ಕಡೆ ಬಸುರಿಯ ಗಂಡ ಕತ್ತಿ ಮುಟ್ಟುವ ಹಾಗಿಲ್ಲ. ಹೆರಿಗೆಯಾಗಿ ನಾಮಕರಣ ಮುಗಿಯುವವರೆಗೆ ಗಡ್ಡ ಬಿಡಬೇಕು. ಶಾಸ್ತ್ರ ಹೇಳಿದವರು ಬೀಗರೇ. ಹೇಳಿಬಿಟ್ಟು ಪಟ್ಟ ಪಾಡನ್ನು ಏನೆಂದು ಬರೆಯಲಿ! ಸೀಮಂತಕ್ಕೆ ಹೋದಾಗ ನೋಡುತ್ತೇನೆ, ಅಪ್ಪ ಮಗ ಊಟಕ್ಕೆ ಕೂತಿದ್ದಾರೆ, ಅಪ್ಪ ಗೋಡೆಯ ಕಡೆಗೆ ಮುಖ ಮಾಡಿ ಉಣ್ಣುತ್ತಿದ್ದಾರೆ.

"ಅಪ್ಪಾ, ನೀನೇ ತಾನೇ ಬಿಡು ಅಂದಿದ್ದು?"

"ಅಂದಿದ್ದೆ ಕಣ್ಲಾ. ಇಷ್ಟು ದಟ್ಟಗೆ ಬತ್ತದೆ ಅಂತ ನಂಗೇನ್ ಗೊತ್ತು? ಅಂಗಡಿಗೆ ಬರ್ಬೇಡ ನೀನು, ಕರಡಿ ಸಾಕವ್ರೆ ಅಂತ ಗಿರಾಕಿಗಳು ಓಡೋಯ್ತಾರೆ."

ಹೆರಿಗೆಗೆ ಸಾವಿತ್ರಿಯನ್ನು ಹಿಂದೂಪುರಕ್ಕೆ ಕರೆತಂದೆವು. ಹೆಣ್ಣು ಮಗು ಹುಟ್ಟಿತು. ನನ್ನ ಮೊಮ್ಮಗಳು! ಅದರ ಬಣ್ಣ ಹೇಳಲೇ, ಮೂಗು ಹೇಳಲೇ, ಆಕಳಿಸಿದರೆ ಬಾಯಿ ಪುಟ್ಟ ಸೊನ್ನೆಯಾಗುತ್ತಿದ್ದುದನ್ನು ಹೇಳಲೇ? ಬೀದಿಗೆಲ್ಲ ಸಕ್ಕರೆ ಹಂಚಿದೆ, ಸಾಲದೆಂದು ಬೆಲ್ಲ ಹಂಚಿದೆ. ಅಳಿಯ ಓಡಿಬಂದ. ಬಂದವನೇ ಆ ಕರಡಿ ಗಡ್ಡವನ್ನು ಕೂಸಿನ ಕೆನ್ನೆಗೆ ಒತ್ತಿ ಮುದ್ದಿಟ್ಟ. ಅದು ಕಿರುಚಿದ ಕಿರುಚು! ಕೆನ್ನೆ ಟೊಮೇಟೊ ಹಣ್ಣಾಗಿ, ಸಣ್ಣ ಸಣ್ಣ ಗುಳ್ಳೆ ಎದ್ದು, ಕೊಬ್ಬರಿ ಎಣ್ಣೆ ಹಚ್ಚಿ ಹಚ್ಚಿ ಇಳಿಸಿದೆ. ಅಳಿಯ ಪೆಚ್ಚುಮೋರೆ ಹಾಕಿಕೊಂಡು ಊರಿಗೆ ಹೋದ.

ಆದರೆ ಬೀಗರು ಬರಲಿಲ್ಲ. ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಬಾಗಿಲು ನೋಡಿದ್ದೇ ಬಂತು. ಕಡಲೆಕಾಯಿ ಸುಗ್ಗಿ, ಅಂಗಡಿ ಬಿಡಲಾಗದು ಎಂದು ಹೇಳಿಕಳಿಸಿದರು. ನಮ್ಮ ನಾದಿನಿ ಸುಮ್ಮನಿರುವ ಜಾತಿಯೇ? "ಗಂಡಾಗಿದ್ರೆ ಸುಗ್ಗಿ ಬುಟ್ಟು ಓಡ್ಬತ್ತಿದ್ರು ಕಣತ್ತಿಗೆ" ಎಂದುಬಿಟ್ಟಳು. ಒಳಗೆ ಬಾಣಂತಿಯ ಕಿವಿಗೂ ಅದು ಬಿತ್ತು. ಸಾವಿತ್ರಿ ಊಟ ಅರ್ಧಕ್ಕೇ ಬಿಟ್ಟಳು. ಒಬ್ಬನೇ ಮಗನಿರುವ ಮನೆ. ಮೊದಲನೆಯದೇ ಹೆಣ್ಣು ಎಂದು ಮುಖ ತಿರುಗಿಸಿದರೆ, ನಾಳೆ ಇವಳು ಆ ಮನೆಯಲ್ಲಿ ಹೇಗೆ ಬಾಳಬೇಕು?

ನಾಮಕರಣದ ಹಿಂದಿನ ದಿನ ಬೀಗರು ಬಂದರು. ಬಸ್ಸು ಸೋಮಂದೇಪಲ್ಲಿಯಲ್ಲಿ ಪಂಕ್ಚರಾಗಿ, ಮಧ್ಯಾಹ್ನಕ್ಕೆ ಬರಬೇಕಾದವರು ದೀಪ ಹಚ್ಚುವ ಹೊತ್ತಿಗೆ ಬಂದರು. ನಾನು ಕೂಸನ್ನು ಎತ್ತಿಕೊಂಡು ಬಾಗಿಲಿಗೇ ಓಡಿದೆ.

"ಎತ್ಕಳಿ ಬೀಗ್ರೇ, ನಿಮ್ ಮೊಮ್ಮಗಳು!"

ಅವರು ಎರಡು ಹೆಜ್ಜೆ ಹಿಂದೆ ಸರಿದರು. ಕೈಗಳನ್ನು ಬೆನ್ನ ಹಿಂದಕ್ಕೆ ಕಟ್ಟಿಕೊಂಡರು!

"ಇವಾಗ್ ಬೇಡ" ಎಂದರು. ಆಮೇಲೆ, ಕೂಸಿನ ಮುಖ ಕೂಡ ನೋಡದೆ, "ಬಿಸಿನೀರು ಐತಾ?"

ನೀವೇ ಹೇಳಿ, ನನ್ನ ಜಾಗದಲ್ಲಿ ನೀವಿದ್ದಿದ್ದರೆ ಏನೆಂದುಕೊಳ್ಳುತ್ತಿದ್ದಿರಿ? ಬಿಸಿನೀರು ಕೊಟ್ಟೆ. ಕಾಲು ತೊಳೆಯುವುದಕ್ಕೆ ಎಂದುಕೊಂಡಿದ್ದೆ. ಅವರು ಹಿತ್ತಲಿಗೆ ಹೋಗಿ ಲಾಟೀನು ಮುಂದಿಟ್ಟುಕೊಂಡು, ಮುಖಕ್ಕೆ ಟವೆಲ್ಲು ಮುಚ್ಚಿಕೊಂಡು ಕೂತರು! ದೀಪ ಹಚ್ಚಿದ ಮೇಲೆ ಗಡ್ಡ ತೆಗೆಯುವುದೇ? ಅದೂ ಹಸುಗೂಸಿರುವ ಮನೆಯಲ್ಲಿ? ನಾದಿನಿ ಕೆನ್ನೆ ಕೆನ್ನೆ ಬಡಿದುಕೊಂಡಳು. ನಮ್ಮ ಯಜಮಾನರಿಗೆ ಸಿಟ್ಟು ನೆತ್ತಿಗೇರಿತು. "ಹೆಣ್ಣು ಅಂತ ಅಸಡ್ಡೆ ಕಣೇ. ಮಗೀನ ಮುಖಕ್ಕಿಂತ ಇವರ ಮುಖ ಹೆಚ್ಚಾಯ್ತಾ? ನಾನು ಕೇಳೇ ಕೇಳ್ತೀನಿ!" ನಾನು ಅವರ ತೋಳು ಹಿಡಿದು ನಿಲ್ಲಿಸಿದೆ. ಒಂದು ಮಾತು ಜಾರಿದರೆ ಅದನ್ನು ನುಂಗಬೇಕಾದವಳು ನನ್ನ ಮಗಳಲ್ಲವೇ?

ಬೀಗರು ನೆನೆಸಿದರು, ನೊರೆ ಹಚ್ಚಿದರು, ಇಳಿಕೆಗೆ ತೆಗೆದರು, ಅಡ್ಡಕ್ಕೆ ತೆಗೆದರು. ಮತ್ತೆ ನೊರೆ ಹಚ್ಚಿ, ನಾನು ಎಂದೂ ನೋಡದಿದ್ದ ಮೂರನೆಯ ಸರದಿ, ಉಸಿರು ಬಿಗಿ ಹಿಡಿದು ಕೆಳಗಿನಿಂದ ಮೇಲಕ್ಕೆ! ತಣ್ಣೀರು ಹಾಕಿಕೊಂಡರು. ಕೆನ್ನೆಯ ಮೇಲೆ ಅಂಗೈ ಆಡಿಸಿದರು. ಮತ್ತೆ ಆಡಿಸಿದರು. ಮುಖದಲ್ಲಿ ಅನುಮಾನ. ಎದ್ದು ಬಾಣಂತಿ ಕೋಣೆಯ ಬಾಗಿಲಿಗೆ ಬಂದು, ಹೊಸಿಲ ಆಚೆಯೇ ನಿಂತರು.

"ಸಾವಿತ್ರಮ್ಮಾ."

ಮಾವನ ಎದುರು ಇವಳು ಎಂದೂ ತಲೆಯೆತ್ತಿ ನಿಂತವಳಲ್ಲ. ಧಡಕ್ಕನೆ ಎದ್ದು ಸೆರಗು ಹೊದ್ದಳು.

"ನಿನ್ ಗಂಡ ಬಂದು ಕೂಸಿನ ಕೆನ್ನೆ ತರಚಿದ್ನಂತೆ. ಕೇಳಿ ನಂಗೆ ಅನ್ನ ಸೇರ್ಲಿಲ್ಲ ಕಣಮ್ಮ. ಬೆಳಿಗ್ಗೆ ತೆಗ್ದೇ ಹೊಂಟಿದ್ದೆ, ಈ ಹಾಳು ಬಸ್ಸಿನಾಗೆ ಸಂಜೆಗೆ ಮೊಳೆತ್ಬುಟ್ಟೈತೆ." ಅಂಗೈಗಳನ್ನು ಅವಳ ಮುಂದೆ ಚಾಚಿದರು. "ಕಡ್ಲೇಕಾಯಿ ಉಜ್ಜಿ ಉಜ್ಜಿ ಇವು ಒರಟಾಗವೆ, ಏನೂ ತಿಳಿಯಲ್ಲ. ನಿಮ್ಮತ್ತೆ ಇದ್ದಾಗ ಅವ್ಳು ಮುಟ್ಟಿ ನೋಡೋಳು. ಆಮೇಲೆ ಯಾರೂ ನೋಡಿಲ್ಲ. ನೀನೊಂದ್ ಸಲ ನೋಡಮ್ಮ."

ಆ ಕೆನ್ನೆಯನ್ನು ಬಾಗಿಸಿ ಹಿಡಿದರು.

ಸಾವಿತ್ರಿ ನನ್ನ ಕಡೆ ನೋಡಿದಳು. ನಾನು ಎಲ್ಲಿ ನೋಡಲಿ! ಅವಳೇ ಹೊಸಿಲ ಹತ್ತಿರ ಬಂದಳು. ಜ್ವರ ನೋಡುವ ಹಾಗೆ, ಬೆರಳ ಹಿಂಬದಿಯನ್ನು ಮಾವನ ಕೆನ್ನೆಗೆ ತಾಗಿಸಿ, ಕಿವಿಯಿಂದ ಗದ್ದದವರೆಗೆ ಮೆಲ್ಲಗೆ ಇಳಿಸಿದಳು. ಒಂದು ಕಡೆ ನಿಲ್ಲಿಸಿದಳು.

"ಇಲ್ಲಿ... ದವಡೆ ಕೆಳ್ಗೆ ವಸಿ ಐತೆ ಮಾವ."

ಬೀಗರು ತಲೆಯಾಡಿಸಿ ಮತ್ತೆ ಹಿತ್ತಲಿಗೆ ಹೋದರು. ಕೇಳೇ ಕೇಳುತ್ತೇನೆ ಎಂದ ನಮ್ಮ ಯಜಮಾನರು ಇನ್ನೊಂದು ಚೊಂಬು ಬಿಸಿನೀರು ಹಿಡಿದು ಅವರ ಹಿಂದೆಯೇ ಓಡಿದರು.

ಎರಡನೆಯ ಸಲ ಬಂದಾಗ ಸಾವಿತ್ರಿ ಮುಟ್ಟಿ ನೋಡಿದಳು. ಕೂಸನ್ನು ತಾನೇ ಎತ್ತಿ ಅವರ ತೋಳಿಗೆ ಕೊಟ್ಟಳು. ಬೀಗರು ಉಸಿರು ಹಿಡಿದು, ಬಗ್ಗಿ, ಕೆನ್ನೆಗೆ ಕೆನ್ನೆ ತಾಗಿಸಿದರು. ಕೂಸು ಅಳಲಿಲ್ಲ. ಮುಖ ಆಚೀಚೆ ಆಡಿಸಿ, ಬಾಯಿ ತೆರೆದು, ಹಾಲು ಹುಡುಕುತ್ತ ಆ ಕೆನ್ನೆಯನ್ನೇ ಚೀಪತೊಡಗಿತು.

"ಹಸ್ದೈತೆ ಕಣಮ್ಮ ಇದ್ಕೆ" ಎಂದರು ಬೀಗರು. ಹೇಳಿದರು, ಅಷ್ಟೇ. ಸಾವಿತ್ರಿ ಕೈ ಚಾಚಿದರೆ, ಕೂಸನ್ನು ಕೊಡದೆ ಅವಳಿಗೆ ಒಂದು ಬೆರಳು ಎತ್ತಿ ತೋರಿಸಿದರು.