ಮುಖ ಹೊಂದಿಕೆಯಾಗುತ್ತಿಲ್ಲ

ಆಪಿನಲ್ಲಿ ನನ್ನ ಆಟೋಗೆ ಬಾಡಿಗೆ ಹಿಡಿಯತೊಡಗಿದ ಮೇಲೆ ನನಗೆ ಇಂಥದ್ದು ಆಗುತ್ತಲೇ ಇರುತ್ತದೆ. ಕೇಳಿದವರು ನಗುತ್ತಾರೆ, ನನಗೆ ಮಾತ್ರ ನಗು ಬರುವುದಿಲ್ಲ. ದಿನಾ ಬೆಳಿಗ್ಗೆ ಮೊಬೈಲಿಗೆ ಮುಖ ತೋರಿಸಬೇಕು. ಅದು ಒಪ್ಪಿದರೆ ಮಾತ್ರ ಆ ದಿನದ ಬಾಡಿಗೆ.

೧. ಮೀಸೆ

ಒಂದು ದಿನ ಮೀಸೆ ಬೋಳಿಸಿ ಮುಖ ತೋರಿಸಿದೆ. ‘ಮುಖ ಹೊಂದಿಕೆಯಾಗುತ್ತಿಲ್ಲ’ ಎಂದು ನನ್ನ ಐಡಿ ಬ್ಲಾಕ್ ಆಯಿತು. ಮೀಸೆಯಿಂದಲೋ, ಬೇರೆ ಯಾತರಿಂದಲೋ ತಿಳಿಯಲಿಲ್ಲ. ಸಹಾಯವಾಣಿಗೆ ಫೋನ್ ಮಾಡಿದೆ.

“ಕಾರಣ ಎಂತ ಮೇಡಂ?”

“ಕಾರಣ ಹೇಳಲು ನಮಗೆ ಅನುಮತಿ ಇಲ್ಲ ಸರ್.”

“ನಿಮಗೆ ಗೊತ್ತುಂಟಲ್ಲ?”

“ಗೊತ್ತಿದ್ದರೆ ಅಲ್ವಾ ಸರ್ ಅನುಮತಿ ಕೇಳುವುದು!”

೨. ಅಪೀಲು

ಬಿಜೈಯಲ್ಲಿದ್ದ ಆಪ್ ಕಂಪನಿಯ ಆಫೀಸಿಗೇ ಹೋದೆ. ಮ್ಯಾನೇಜರು ನನ್ನ ಲೈಸೆನ್ಸ್ ನೋಡಿದರು, ಮುಖ ನೋಡಿದರು.

“ನೀವೇ ಅಣ್ಣ, ಡೌಟೇ ಇಲ್ಲ. ಆದ್ರೆ ನಾನು ಹೇಳಿದ್ರೆ ಆಗುದಿಲ್ಲ. ಅಪೀಲ್ ಹಾಕುವ.”

ಹಾಕಿದರು. ಮೊಬೈಲ್ ಕಿಸೆಗೆ ಸೇರುವ ಮೊದಲೇ ಉತ್ತರ ಬಂತು: ‘ಕೂಲಂಕಷವಾಗಿ ಪರಿಶೀಲಿಸಿದ್ದೇವೆ. ತಿರಸ್ಕರಿಸಲಾಗಿದೆ.’

“ಇಷ್ಟು ಬೇಗ ಯಾರು ನೋಡಿದ್ದು?”

“ಬ್ಲಾಕ್ ಮಾಡಿದ ಅದೇ ಸಿಸ್ಟಮ್.”

“ನನ್ನ ದೂರು ಅದರ ಮೇಲೆ ಅಲ್ವಾ?”

“ಹೌದು. ಹಾಗಾಗಿ ಅದಕ್ಕೆ ವಿಷಯ ಪೂರಾ ಗೊತ್ತುಂಟು.”

೩. ಹುಲಿ

ಮೀಸೆ ಬೆಳೆದ ಮೇಲೆ ಐಡಿ ತಾನಾಗಿ ತೆರೆಯಿತು. ಯಾಕೆಂದು ಆಗಲೂ ಹೇಳಲಿಲ್ಲ. ಇನ್ನೊಮ್ಮೆ ಮುಖ ಹೊಂದದಿದ್ದರೆ ಐಡಿ ಶಾಶ್ವತವಾಗಿ ರದ್ದು ಎಂಬ ಎಚ್ಚರಿಕೆ ಮಾತ್ರ ಬಂತು.

ನವರಾತ್ರಿಗೆ ಹುಲಿವೇಷ ಹಾಕುವುದು ನನ್ನ ಹರಕೆ. ಮೈಗೆಲ್ಲ ಪೈಂಟು, ಮುಖಕ್ಕೆಲ್ಲ ಪಟ್ಟೆ ಬಳಿಸಿಕೊಂಡು ಕದ್ರಿಯಲ್ಲಿ ಕುಣಿಯುತ್ತಿದ್ದೆ. ಹೆಂಡತಿ ನನ್ನ ಮೊಬೈಲ್ ಹಿಡಿದು ಓಡಿ ಬಂದಳು. ‘ದಿಢೀರ್ ತಪಾಸಣೆ. ಕೂಡಲೇ ಮುಖ ತೋರಿಸಿ.’

ಆ ಪೈಂಟು ಕೂಡಲೇ ಹೋಗುವಂಥದ್ದಲ್ಲ. ವಿಷಯ ತಿಳಿದು ತಾಸೆ ಬಡಿಯುವವರೂ ಕೈ ನಿಲ್ಲಿಸಿದರು. ಇನ್ನು ಆಟೋ ಓಡಿಸಿದ ಹಾಗೆಯೇ ಎಂದುಕೊಂಡೆ, ಅಳು ಬರುವುದೊಂದು ಬಾಕಿ. ಹೆಂಡತಿಯೇ ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದಳು.

ಹಸಿರು ಗುರುತು ಬಂತು. ‘ಮುಖ ಹೊಂದಿಕೆಯಾಗಿದೆ. ಧನ್ಯವಾದ.’

ತಾಸೆ ಪುನಃ ಶುರುವಾಯಿತು. ಎಲ್ಲರೂ ಕುಣಿದರು. ನನಗೆ ಮಾತ್ರ ಹೊಸದೊಂದು ಭಯ ಹಿಡಿದುಕೊಂಡಿತು.

ಹರಕೆ ಮುಗಿಸಿ ಕುಲಶೇಖರದ ಮನೆಗೆ ಬಂದ ಮೇಲೆ, ಹೆಂಡತಿ ಸೀಮೆಎಣ್ಣೆ ಬಟ್ಟೆಯಲ್ಲಿ ನನ್ನ ಮುಖ ಉಜ್ಜತೊಡಗಿದಳು. ಅರ್ಧ ಆಗುವಾಗ ಅವಳ ಕೈ ಹಿಡಿದುಕೊಂಡೆ.

“ಎಂತ, ಉರೀತದಾ?”

“ಉರಿಯುದಿಲ್ಲ ಮಾರಾಯ್ತಿ. ನಾಳೆ ಬೆಳಿಗ್ಗೆ ಅದಕ್ಕೆ ಮುಖ ತೋರಿಸ್ಲಿಕ್ಕೆ ಉಂಟು. ಒಂದೆರಡು ಪಟ್ಟೆ ಬಿಡು!”