ಅರ್ಬಾಬರ ಬಾಣಕ್ಕೆ ಸುಮತಿಯ ಕುಂಕುಮ

ನಮ್ಮನ್ನು ಸಂಶಯದಿಂದ ನೋಡುವವರ ಕೈಕೆಳಗೆ ಕೆಲಸ ಮಾಡುವುದು ಬಹಳ ಸುಲಭ. ಅವರು ಯಾವ ಜವಾಬ್ದಾರಿಯನ್ನೂ ಕೊಡುವುದಿಲ್ಲ. ಕೊಟ್ಟರೂ ಹಿಂದೆಯೇ ಬಂದು ತಾವೇ ಮಾಡಿ ಮುಗಿಸುತ್ತಾರೆ. ಕಷ್ಟವಿರುವುದು ನಂಬುವವರ ಹತ್ತಿರ. ನನ್ನ ಅರ್ಬಾಬ್ ಆ ಜಾತಿಯವರು. ಅರ್ಬಾಬ್ ಎಂದರೆ ಈ ಕೊಲ್ಲಿ ನಾಡಿನಲ್ಲಿ ಯಜಮಾನರು. ಅಲ್ ಮುರಕ್ಕಬಾತ್‌ನಲ್ಲಿ ಅವರ ಏಸಿ ಬಿಡಿಭಾಗಗಳ ವ್ಯಾಪಾರ, ಅಲ್ಲಿ ನಾನು ಆಫೀಸು ನೋಡಿಕೊಳ್ಳುವವನು. ಒಮ್ಮೆ ನಾನು ಆರಿಸಿದ ಏಸಿಯೊಂದು ಸದ್ದಿಲ್ಲದೆ ಓಡಿತು ಎಂಬ ಒಂದೇ ಕಾರಣಕ್ಕೆ ಲೋಕದ ಸಕಲ ವಸ್ತುಗಳಲ್ಲಿಯೂ ನಾನು ಪಂಡಿತನೆಂದು ಅವರು ತೀರ್ಮಾನಿಸಿದ್ದಾರೆ. ಅವರ ತಾಯಿಯ ಗಾಲಿಕುರ್ಚಿ, ತೋಟದ ಪಂಪು, ಮೊಮ್ಮಗಳ ಸೈಕಲ್ಲು, ಯಾವುದೇ ಇರಲಿ, "ವಾಸುವನ್ನು ಕೇಳಿ" ಎನ್ನುತ್ತಾರೆ. ವಾಸು ಅಂದರೆ ನಾನು.

ಹಾಗೆಂದು ಒಲ್ಲೆ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿ ಸುಮತಿಯ ವೀಸಾ ಎಲ್ಲಿಯೋ ಸಿಕ್ಕಿಹಾಕಿಕೊಂಡು ನಾನು ಅನ್ನ ನೀರು ಬಿಟ್ಟಿದ್ದೆ. ಅರ್ಬಾಬ್ ಯಾರನ್ನೂ ಕಳಿಸದೆ, ತಮ್ಮ ಗರಿಗರಿ ಬಿಳಿ ಕಂದೂರ ನಿಲುವಂಗಿಯಲ್ಲಿ ತಾವೇ ನನ್ನ ಜೊತೆ ವೀಸಾ ಕಚೇರಿಗೆ ಬಂದು, ಟೋಕನ್ ಹಿಡಿದು, ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಧ್ಯಾಹ್ನದವರೆಗೆ ಕೂತಿದ್ದರು. ಆ ಕುರ್ಚಿಯನ್ನು ನಾನು ಮರೆತರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ.

ಆದ್ದರಿಂದ ಕಳೆದ ನವರಾತ್ರಿಯ ಹೊತ್ತಿಗೆ ಅವರು, "ಯಾ ವಾಸು, ನನ್ನ ಕ್ರಾಸ್‌ಬೋಗೆ ಬೋಲ್ಟ್ ಬೇಕು. ಕಾರ್ಬನ್‌ದು, ಇಪ್ಪತ್ತು ಇಂಚು. ನೀನೇ ನೋಡಿ ತಾ" ಎಂದಾಗ ನಾನು ತಲೆಯಾಡಿಸಿಬಿಟ್ಟೆ. ಕ್ರಾಸ್‌ಬೋ ಎಂದರೆ ಬಂದೂಕಿನ ಹಾಗೆ ಭುಜಕ್ಕೆ ಒತ್ತಿಕೊಂಡು ಬಿಡುವ ಬಿಲ್ಲು, ಬೋಲ್ಟ್ ಎಂದರೆ ಅದರ ಗಿಡ್ಡ ಬಾಣ. ವರ್ಷಕ್ಕೊಮ್ಮೆ ಅರ್ಬಾಬ್ ಗೆಳೆಯರೊಂದಿಗೆ ಯಾವುದೋ ತಣ್ಣನೆಯ ದೇಶಕ್ಕೆ ಹೋಗಿ, ಅಲ್ಲಿನ ಪರವಾನಗಿ ಪಡೆದು ಜಿಂಕೆ ಬೇಟೆಯಾಡುತ್ತಾರೆ. ನಾನೋ, ಈರುಳ್ಳಿ ತಿಂದರೇ ಅಜ್ಜಿಯ ನೆನಪಾಗಿ ಅಳುಕುವ ಉಡುಪಿಯ ಸಸ್ಯಾಹಾರಿ. ನಾನು ಕೊಂದ ಅತಿ ದೊಡ್ಡ ಪ್ರಾಣಿ ನಮ್ಮ ಫ್ಲ್ಯಾಟಿನ ಜಿರಳೆ. ಅದೂ ಬೆನ್ನು ತಿರುಗಿಸಿ ನಿಂತು, ಸ್ಪ್ರೇ ಹೊಡೆದು.

ಅರ್ಬಾಬರ ಪರವಾನಗಿಯ ಪ್ರತಿ ತೋರಿಸಿ ಬೇಟೆ ಸಾಮಾನಿನ ಅಂಗಡಿಯೊಳಗೆ ಕೂತೆ. ಕರ್ರಗೆ ಮಿರಿಮಿರಿ ಮಿಂಚುವ ಬೋಲ್ಟುಗಳು ಮುಂದೆ ಬಂದವು. ಬೆಂಡೆಕಾಯಿಯಾದರೆ ತುದಿ ಮುರಿದು ನೋಡಬಹುದು. ಇದಕ್ಕೆ ಏನು ಮಾಡುವುದು? ಒಂದೊಂದನ್ನೂ ಗಾಜಿನ ಮೇಲೆ ಉರುಳಿಸಿದೆ, ಒಂದು ಕಣ್ಣು ಮುಚ್ಚಿ ನೆಟ್ಟಗಿದೆಯೇ ನೋಡಿದೆ, ಅಂಗೈಯಲ್ಲಿಟ್ಟು ತೂಗಿದೆ. ನನ್ನ ಗಾಂಭೀರ್ಯಕ್ಕೆ ನಾನೇ ಮರುಳಾಗುತ್ತಿದ್ದೆ. ಅಷ್ಟರಲ್ಲಿ ಅಂಗಡಿಯವನು ಹಿಂದಿಯಲ್ಲಿ, "ಸರ್, ಹಗ್ಗ ತಾಗುವ ಹಿಂತುದಿ ಫ್ಲ್ಯಾಟ್ ಬೇಕಾ, ಹಾಫ್ ಮೂನ್ ಬೇಕಾ? ನಿಮ್ಮ ಬೋಗೆ ಯಾವುದು?" ಎಂದ. ಅರ್ಬಾಬ್ ಹಿಂತುದಿಯ ಮಾತೇ ಎತ್ತಿರಲಿಲ್ಲ. ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಪಂಡಿತನು ಫೋನು ಮಾಡುವುದುಂಟೇ? ಚಿಕ್ಕಂದಿನಿಂದ ಯಕ್ಷಗಾನ ನೋಡಿ ಬೆಳೆದವನು ನಾನು. ಅರ್ಧಚಂದ್ರ ಬಾಣ ಹೂಡಿದವನು ಸೋತದ್ದನ್ನು ಕಂಡಿಲ್ಲ. ಕಿವಿಯಲ್ಲಿ ಚೆಂಡೆ ಬಾರಿಸಿದಂತಾಯಿತು. "ಹಾಫ್ ಮೂನ್" ಎಂದೆ.

ಮರುದಿನ ಬೆಳಿಗ್ಗೆ ಅರ್ಬಾಬರ ಮನೆಗೆ ಒಯ್ಯಬೇಕಾಗಿದ್ದುದರಿಂದ ಪೆಟ್ಟಿಗೆಯನ್ನು ಮನೆಗೆ ತಂದೆ. ಅಂದು ಮಹಾನವಮಿ. ಸುಮತಿ ಆಯುಧ ಪೂಜೆಗೆ ಅಣಿ ಮಾಡುತ್ತಿದ್ದಳು.

"ಇದೆಂಥದು ಮಾರಾಯ್ರೆ?"

"ಅರ್ಬಾಬರ ಬಾಣ. ಮುಟ್ಟಬೇಡ ಆಯ್ತಾ."

"ಬಾಣವಾ? ನಿಜವಾದ್ದಾ? ವರ್ಷ ವರ್ಷ ಮಿಕ್ಸಿಗೂ ಇಸ್ತ್ರಿಪೆಟ್ಟಿಗೆಗೂ ಕುಂಕುಮ ಇಟ್ಟು ಆಯುಧ ಪೂಜೆ ಅಂತ ಹೇಳ್ಲಿಕ್ಕೆ ನನಗೇ ನಾಚಿಕೆ ಆಗ್ತದೆ. ಮನೆಗೆ ಒಂದು ಆಯುಧ ಅಂತ ಬಂದಾಗ ಅದಕ್ಕೆ ಪೂಜೆ ಇಲ್ಲವಾ?"

ನಾನು ಸ್ನಾನ ಮುಗಿಸಿ ಬರುವುದರೊಳಗೆ ಬೋಲ್ಟುಗಳೆಲ್ಲ ಬಾಳೆ ಎಲೆಯ ಮೇಲೆ ಮಲಗಿದ್ದವು. ಹಿಂತುದಿಗೆ ಸರಿಯಾಗಿ ಗಂಧ, ಅದರ ಮೇಲೆ ಕುಂಕುಮ. "ನಿಮಗೆ ಮಂಡೆ ಬಿಸಿ ಎಂತಕ್ಕೆ? ಯಾರಿಗೂ ಪೆಟ್ಟಾಗದ ಹಾಗೆ ನೋಡಿಕೋ ದೇವರೇ ಅಂತ ಬೇಡಿದ್ದೇನೆ. ಪಾಪ, ಆ ಜಿಂಕೆಯನ್ನೂ ಸೇರಿಸಿ." ಬೇಟೆಯ ಬಾಣಕ್ಕೆ ಇಂಥ ಆಶೀರ್ವಾದ ಯಾವ ಪುರಾಣದಲ್ಲಿಯೂ ಸಿಕ್ಕಿರಲಾರದು. ಎಷ್ಟು ಒರೆಸಿದರೂ ಅರ್ಧಚಂದ್ರದ ಹೊಟ್ಟೆಯೊಳಗಿನ ಕೆಂಪು ಹೋಗಲಿಲ್ಲ.

ಬೆಳಿಗ್ಗೆ ಅರ್ಬಾಬ್ ಪೆಟ್ಟಿಗೆ ತೆರೆದು ಬೆಚ್ಚಿದರು. "ಇದೇನು ವಾಸು, ರಕ್ತವೇ?"

"ರಕ್ತ ಅಲ್ಲ ಅರ್ಬಾಬ್. ನಿನ್ನೆ ನಮ್ಮ ಹಬ್ಬ. ನಮ್ಮ ಮನೆಯ ಮದಾಮ್ ದುವಾ ಮಾಡಿದ್ದು."

"ನನಗಾಗಿಯೇ?"

"ಯಾರಿಗೂ ಪೆಟ್ಟಾಗಬಾರದು ಅಂತ."

"ಬಾಣಕ್ಕೆ?" ಎಂದು ಅವರು ಕೈಯಲ್ಲಿದ್ದ ಗಹವಾ ಕಾಫಿ ಚೆಲ್ಲುವಷ್ಟು ನಕ್ಕರು. ಆಮೇಲೆ ಒದ್ದೆ ಟಿಶ್ಯೂ ತೆಗೆದುಕೊಂಡು ತಾವೇ ಹಿಂತುದಿ ಒರೆಸತೊಡಗಿದರು. ಒರೆಸುತ್ತ ಒರೆಸುತ್ತ ಕೈ ನಿಂತಿತು. ಕನ್ನಡಕ ಹಾಕಿಕೊಂಡರು.

"ವಾಸು, ಇದು ಹಾಫ್ ಮೂನ್. ನನ್ನ ಬೋಗೆ ಫ್ಲ್ಯಾಟ್ ಆಗಬೇಕು."

ಹೊಂದದ ಹಿಂತುದಿ ಹಾಕಿದರೆ ಹಗ್ಗ ಜಾರಬಹುದು, ಬಿಲ್ಲೇ ಸಿಡಿಯಬಹುದು, ಹಿಡಿದವನ ಬೆರಳು ಹೋಗಬಹುದು ಎಂದು ಅವರು ಮೆಲ್ಲನೆ ತಿಳಿಸಿದರು. ಒಂದು ಬೈಗುಳವಾದರೂ ಬರುತ್ತದೆಂದು ಕಾದೆ. ಬರಲಿಲ್ಲ. "ಈ ಕೆಂಪು ಇಲ್ಲದಿದ್ದರೆ ನಾನು ನೋಡುತ್ತಲೇ ಇರಲಿಲ್ಲ. ನೀನು ತಂದದ್ದಲ್ಲವೇ, ಹಾಗೆಯೇ ಹೂಡಿಬಿಡುತ್ತಿದ್ದೆ" ಎಂದರು. ವೀಸಾ ಕಚೇರಿಯಲ್ಲಿ ಟೋಕನ್ ಹಿಡಿದು ಕೂತಿದ್ದ ಅವೇ ಬೆರಳುಗಳು ಕಣ್ಣೆದುರು ಇದ್ದವು. "ಖಲಾಸ್, ಬಾ, ಬದಲಾಯಿಸೋಣ. ಮದಾಮ್‌ಗೆ ನನ್ನ ಶುಕ್ರನ್, ಧನ್ಯವಾದ ಹೇಳು" ಎಂದು ಎದ್ದರು. ಅಂಗಡಿಯಲ್ಲಿ ಮತ್ತೆ ನನ್ನ ಪಕ್ಕದ ಕುರ್ಚಿಯಲ್ಲಿಯೇ ಕೂತರು.

ಬೇಟೆ ಮುಗಿಸಿ ಅರ್ಬಾಬ್ ಹತ್ತೂ ಬೆರಳುಗಳೊಂದಿಗೆ ಮರಳಿದರು. ಜಿಂಕೆ ಮಾತ್ರ ಒಂದೂ ಸಿಕ್ಕಿರಲಿಲ್ಲ. ನಮ್ಮ ಮನೆಗೆ ದೊಡ್ಡದೊಂದು ಖರ್ಜೂರದ ಪೆಟ್ಟಿಗೆ ಬಂತು, ಸುಮತಿಯ ಹೆಸರಿಗೆ. "ನೋಡಿದ್ರಾ, ಅವರಿಗೂ ಪೆಟ್ಟಾಗ್ಲಿಲ್ಲ, ಜಿಂಕೆಗೂ ಆಗ್ಲಿಲ್ಲ" ಎಂದು ಅವಳು ದೇವರಿಗೆ ಮೊದಲು ಎರಡು ಖರ್ಜೂರ ಇಟ್ಟಳು. ನಾನೂ ಪಕ್ಕದಲ್ಲಿ ನಿಂತು, ಬಹಳ ದಿನಗಳ ನಂತರ, ಏನನ್ನೂ ಬೇಡದೆ ಕೈ ಮುಗಿದೆ.

ಈ ವರ್ಷದ ಆಯುಧ ಪೂಜೆಯಲ್ಲಿ ಅವಳು ಮಿಕ್ಸಿಗೆ ಕುಂಕುಮ ಇಟ್ಟಳು, ಇಸ್ತ್ರಿಪೆಟ್ಟಿಗೆಗೆ ಇಟ್ಟಳು, ಆಮೇಲೆ ನನ್ನ ಕಡೆ ತಿರುಗಿ, "ಮಂಡೆ ಬಗ್ಗಿಸಿ. ನಿಮ್ಮನ್ನೂ ಯಾರಾದ್ರೂ ಹತ್ತಿರದಿಂದ ನೋಡ್ಬೇಕಲ್ಲ" ಎಂದಳು. ಹಾಗೆಯೇ ಆಫೀಸಿಗೆ ಹೋದೆ. ಅರ್ಬಾಬ್ ನನ್ನ ಹಣೆ ನೋಡಿದರು, ಕನ್ನಡಕ ಹಾಕಿಕೊಂಡರು, ಭುಜ ಹಿಡಿದು ನನ್ನನ್ನು ಒಂದು ಸುತ್ತು ತಿರುಗಿಸಿ ಹಿಂದೆ ಮುಂದೆ ಪರೀಕ್ಷಿಸಿದರು.

"ದೋಷ ಬಹಳ ಇದೆ. ಆದರೆ ಇದನ್ನು ನಾನು ಬದಲಾಯಿಸುವುದಿಲ್ಲ" ಎಂದರು.